ದಿಬ್ಬದಾಚೆಯ ನೆಲ

ಸ್ಕೀ ಕಟ್ಟಿಕೊಂಡು ಮೊದಲು ಇಳಿದವಳು ಬುರ್ಗಿ. ಒಂದು ನಿಮಿಷ ನಲವತ್ತೊಂದು ಸೆಕೆಂಡು. ಬೆಟ್ಟದ ನೆತ್ತಿಯಲ್ಲಿ ಸರದಿಗೆ ಕಾಯುತ್ತಿದ್ದ ಫ್ರಾನ್ಸಿ ಅದನ್ನು ಧ್ವನಿವರ್ಧಕದಲ್ಲಿ ಕೇಳಿ ಕೈಗವಸು ಬಿಗಿದುಕೊಂಡಳು. ಮುಂದಿನ ವಾರದ ವಿಶ್ವ ಚಾಂಪಿಯನ್‌ಷಿಪ್‌ಗೆ ಆಸ್ಟ್ರಿಯಾ ತಂಡದಲ್ಲಿ ಉಳಿದಿದ್ದುದು ಒಂದೇ ಸ್ಥಾನ. ಇಬ್ಬರಲ್ಲಿ ಇವತ್ತು ಯಾರು ಬೇಗ ಇಳಿಯುತ್ತಾರೋ ಅವರಿಗೆ. ಇಪ್ಪತ್ತರ ಫ್ರಾನ್ಸಿಗೆ ಇದು ಮೊದಲ ಅವಕಾಶ, ಮೂವತ್ತೈದರ ಬುರ್ಗಿಗೆ ಕೊನೆಯದು.

ಕೆಳಗೆ ತಲುಪಿದವರು ಏದುಸಿರಲ್ಲೇ ರೇಡಿಯೊ ಹಿಡಿದು, ಮೇಲಿರುವ ತಂಡದವರಿಗೆ ದಾರಿ ಹೇಗಿದೆಯೆಂದು ತಿಳಿಸುವುದು ಇವರ ರೂಢಿ. ಹೊಟ್ಟೆ ಉರಿದರೂ ತಿಳಿಸಬೇಕು. ಮೇಲೆ ಫ್ರಾನ್ಸಿಯ ಪಕ್ಕದಲ್ಲಿದ್ದ, ಸ್ಕೀಗಳಿಗೆ ಮೇಣ ತಿಕ್ಕುವ ಆಲೋಯಿಸ್‌ನ ಕೈಯಲ್ಲಿ ರೇಡಿಯೊ ಕರಕರ ಎಂದಿತು. ಬುರ್ಗಿಯ ದನಿ.

“ಫ್ರಾನ್ಸಿ, ಕೇಳಿಸ್ಕೋ. ಹಿಮ ಗಾಜಾಗಿದೆ, ಇರ್ಲಿ. ದೊಡ್ಡ ದಿಬ್ಬದ ಹತ್ರ ವೇಗ ತಗ್ಗಿಸ್ಬೇಡ. ಎಡಗಡೆ ಬಾವುಟಕ್ಕೆ ತಾಗೋ ಹಾಗೆ ಹೋಗು. ಮುಂದೆ ಏನೂ ಕಾಣಲ್ಲ. ಆದ್ರೆ ನೆಲ ಇದೆ.”

ಫ್ರಾನ್ಸಿ ರೇಡಿಯೊವನ್ನೇ ದಿಟ್ಟಿಸಿದಳು. ಅಲ್ಲಿ ತಗ್ಗಿಸದಿದ್ದರೆ ನೇರ ದಾರಿಯಂಚಿನ ತಡೆಬಲೆಗೇ ಹೋಗಿ ಬೀಳುತ್ತೀರಿ ಎಂದು ಕೋಚ್ ಬೆಳಿಗ್ಗೆ ಮೂರು ಸಲ ಎಚ್ಚರಿಸಿದ್ದ.

“ನನ್ನ ಬೀಳ್ಸೋಕೆ ನೋಡ್ತಿದಾಳಾ?”

ಆಲೋಯಿಸ್ ಅವಳ ಬೂಟಿನಡಿಯ ಹಿಮ ಕೆರೆಯುತ್ತ ಹೇಳಿದ. “ಹದಿನಾಲ್ಕು ವರ್ಷದಿಂದ ಈ ರೇಡಿಯೊ ಹಿಡ್ಕೊಂಡಿದೀನಿ ತಾಯಿ. ಅವಳು ಇದ್ರಲ್ಲಿ ಸುಳ್ಳು ಹೇಳಿದ್ದು ಕೇಳಿಲ್ಲ. ಹೋಗೋಳು ನೀನು, ನೋಡ್ಕೋ.”

ಗಂಟೆಗೆ ನೂರಮೂವತ್ತು ಕಿಲೋಮೀಟರ್ ವೇಗ. ದಿಬ್ಬ ಬಂದಾಗ ಫ್ರಾನ್ಸಿಯ ಮೈಯೆಲ್ಲ ಬೇಡ ಬೇಡ ಎಂದಿತು. ಅವಳು ಬಗ್ಗಿದ ಬೆನ್ನನ್ನು ಎತ್ತದೆ ಎಡಕ್ಕೇ ನುಗ್ಗಿದಳು. ಕಾಲಡಿ ಏನೂ ಇಲ್ಲ. ಇಡೀ ಕಣಿವೆ, ಚರ್ಚಿನ ಗೋಪುರ, ಊರಿನ ಚಾವಣಿಗಳು, ಎಲ್ಲವೂ ಸದ್ದಿಲ್ಲದೆ ಅವಳ ಕೆಳಗಿದ್ದವು. ಹೆದರುವುದನ್ನೂ ಮರೆತು ನೋಡಿದಳು. ಆಮೇಲೆ ನೆಲ ಸಿಕ್ಕಿತು, ಬುರ್ಗಿ ಹೇಳಿದ ಜಾಗದಲ್ಲೇ.

ಬುರ್ಗಿಗಿಂತ ಸೆಕೆಂಡಿನ ನೂರರಲ್ಲಿ ಒಂಬತ್ತು ಪಾಲು ಬೇಗ. ಸ್ಥಾನ ಫ್ರಾನ್ಸಿಯದಾಯಿತು. ಬೇಲಿಯ ಬಳಿ ಹೆಲ್ಮೆಟ್ ಹಿಡಿದು ನಿಂತಿದ್ದ ಬುರ್ಗಿಯ ಕಣ್ಣು ಕೆಂಪಾಗಿತ್ತು. ಆದರೂ ಬಂದು ತಬ್ಬಿಕೊಂಡಳು.

“ಬುರ್ಗಿ ಅಕ್ಕ, ತಗ್ಗಿಸ್ದೆ ಹಾರೋಕೆ ನಿಮಗೆ ಧೈರ್ಯ ಹೇಗೆ ಬಂತು?”

“ಎಲ್ಲಿ ಬಂತು? ನಾನು ತಗ್ಗಿಸಿಬಿಟ್ಟೆ ಕಣೇ,” ಎಂದಳು ಬುರ್ಗಿ. “ತಗ್ಗಿಸ್ಬಾರ್ದಿತ್ತು ಅಂತ ಗಾಳೀಲಿದ್ದಾಗ ಗೊತ್ತಾಯ್ತು.”