ಪಡುವಣ ಪಾರ್ಕಿನ ಎಣಿಕೆ

ಮೂರನೆಯ ದಿನ ಎಣಿಕೆ ಹನ್ನೆರಡಕ್ಕೆ ಇಳಿದಾಗ ನಿಶಿನಾಗೆ ಖಾತ್ರಿಯಾಯಿತು. ಯಾರೋ ಬೇಕೆಂದೇ ಜನರನ್ನು ಪಾರ್ಕಿಗೆ ಬಾರದಂತೆ ತಡೆಯುತ್ತಿದ್ದಾರೆ.

ಮೊದಲ ದಿನ ನಲವತ್ತೊಂದು. ಎರಡನೆಯ ದಿನ ಮೂವತ್ತು. ಬಿಸಿಲು ಅದೇ, ಶಾಲೆ ಬಿಡುವ ಮೂರು ಗಂಟೆಯ ಹೊತ್ತೂ ಅದೇ, ಜಾರುಬಂಡೆಯ ಎದುರಿನ ಬೆಂಚೂ ಅದೇ. ಅಂಗೈಯಲ್ಲಿ ಎಣಿಸುವ ಪುಟ್ಟ ಯಂತ್ರ. ಒಬ್ಬರು ಒಳಗೆ ಬಂದರೆ ಒಂದು ಟಕ್. ರೈಲು ನಿಲ್ದಾಣದಲ್ಲಿ ನಲವತ್ತು ವರ್ಷ ಪ್ರಯಾಣಿಕರನ್ನು ಎಣಿಸಿದ ಕೈ ತಪ್ಪುವುದುಂಟೆ?

ಬಡಾವಣೆಯ ಎರಡು ಪಾರ್ಕುಗಳಲ್ಲಿ ಒಂದನ್ನು ಮುಚ್ಚುವುದೆಂದು ನಗರಸಭೆ ತೀರ್ಮಾನಿಸಿತ್ತು. ಜನ ಹೋಗದ ಪಾರ್ಕು ಯಾವುದೆಂದು ನಿವಾಸಿಗಳೇ ಹೇಳಬೇಕು. ಸಭೆಯಲ್ಲಿ ಮೂಡಣ ಪಾರ್ಕಿನ ಪರ ನಿಂತ ಅಕುತ್ಸು, ಜನ ಕಿಕ್ಕಿರಿದ ಫೋಟೋ ಒಂದನ್ನು ಎತ್ತಿ ತೋರಿಸಿದ್ದಳು.

"ಇದು ಸಕುರಾ ಹೂ ಬಿಟ್ಟ ಭಾನುವಾರದ್ದಲ್ವೇನಮ್ಮ?" ಎಂದಿದ್ದ ನಿಶಿನಾ. "ಅವತ್ತು ಹೂ ನೋಡೋಕೆ ಅಂತ ಸ್ಮಶಾನದಲ್ಲೂ ಜನ ಚಾಪೆ ಹಾಸ್ಕೊಂಡು ಊಟ ಮಾಡ್ತಿದ್ರು. ಇದೂ ಒಂದು ಸಾಕ್ಷೀನಾ?"

"ಹಾಗಾದ್ರೆ ನಿಮ್ಮ ಪಾರ್ಕಿನ ಲೆಕ್ಕ ನೀವೇ ತನ್ನಿ. ಒಂದು ವಾರ ಕೂತು ಎಣಿಸಿ. ನೀವು ತಂದಿದ್ದನ್ನ ಎರಡು ಮಾತಿಲ್ದೆ ಒಪ್ಕೋತೀನಿ."

ಹೆಂಡತಿ ತೀರಿಕೊಂಡ ಮೇಲೆ, ಮುಂಜಾನೆ ರೇಡಿಯೋ ಹಾಡಿಗೆ ಕೈಕಾಲು ಆಡಿಸಲು ಪಡುವಣ ಪಾರ್ಕಿನಲ್ಲಿ ಸೇರುವ ಏಳೆಂಟು ಮುದುಕರೇ ಅವನಿಗೆ ಇದ್ದಬದ್ದ ಸಂಗ. ಪಾರ್ಕು ಹೋದರೆ ಅದೂ ಹೋದಂತೆ. ಹಾಗೆಂದು ಸುಳ್ಳು ಲೆಕ್ಕ ಬರೆಯುವ ಜಾಯಮಾನ ಅವನದಲ್ಲ. ಗುರುತು ಸಿಕ್ಕರೆ ಜನ ಪಾಪ ಎಂದು ಬಂದು ಎಣಿಕೆ ಹೆಚ್ಚಿಸಿಯಾರು ಎಂದು, ಬೂದು ಟೋಪಿಯನ್ನು ಹುಬ್ಬಿನ ತನಕ ಎಳೆದು, ಮಾಸ್ಕ್ ಹಾಕಿಕೊಂಡೇ ಕೂರುತ್ತಿದ್ದ.

ನಾಲ್ಕನೆಯ ದಿನ ಐದು. ಜಾರುಬಂಡೆ ಹತ್ತುತ್ತಿದ್ದ ಮಗುವನ್ನು ತಾಯಿ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಆರನೆಯ ದಿನ ಒಬ್ಬಳೇ ಒಬ್ಬ ಅಜ್ಜಿ, ಅವಳೂ ಗೇಟಿನಿಂದಲೇ ಇಣುಕಿ ವಾಪಸಾದಳು.

ಅವತ್ತು ಸಂಜೆ ತರಕಾರಿ ಅಂಗಡಿಯಲ್ಲಿ ಅಕುತ್ಸು ಎದುರಾದಳು. ನಿಶಿನಾ ತಡೆಯಲಾರದೆ ಕೇಳಿಯೇಬಿಟ್ಟ.

"ಏನು ಹೇಳಿ ಜನರನ್ನ ಓಡಿಸ್ತಿದ್ದೀರಿ?"

"ನಾನಾ? ಈಗೀಗ ಆ ಕಡೆ ತಲೆ ಹಾಕೋಕೇ ನನಗೆ ಭಯ ಕಣ್ರಿ."

ಹಂಗಿಸುತ್ತಿದ್ದಾಳೆ ಎಂದುಕೊಂಡು ಅವನು ಹಲ್ಲು ಕಚ್ಚಿದ.

ಏಳನೆಯ ದಿನ ಸೊನ್ನೆ. ಅದನ್ನೂ ಪ್ರಾಮಾಣಿಕವಾಗಿ ಬರೆದು ಸಭೆಗೆ ಒಪ್ಪಿಸಿದ. ಪಡುವಣ ಪಾರ್ಕನ್ನು ಮುಚ್ಚುವುದೆಂದು ಐದೇ ನಿಮಿಷದಲ್ಲಿ ನಿರ್ಧಾರವಾಯಿತು. ಮನೆಗೆ ಬಂದು ಎಣಿಸುವ ಯಂತ್ರವನ್ನು ಡ್ರಾಯರಿನೊಳಗೆ ಇಟ್ಟುಬಿಟ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಕುಮೆ, ಬಡಾವಣೆಯ ಸುತ್ತೋಲೆಯ ಹಲಗೆ ಹಿಡಿದು ಬಂದಳು. ಮನೆಯಿಂದ ಮನೆಗೆ ಕೈದಾಟಿ ಬರುವ ಹಲಗೆ. ಓದಿದವರೆಲ್ಲ ತಮ್ಮ ಹೆಸರಿನ ಮುದ್ರೆ ಒತ್ತಿ ತಾರೀಖು ಬರೆಯಬೇಕು.

"ನಿಮ್ದೇ ಕಡೇ ಮನೆ ತಾತ, ಬರೋಷ್ಟರಲ್ಲಿ ವಾರ ಆಯ್ತು. ಚಿಕ್ಕ ಮಕ್ಕಳಿಲ್ಲ ನಿಮಗೆ, ಚಿಂತೆ ಇಲ್ಲ ಬಿಡಿ."

ಹತ್ತೊಂಬತ್ತು ಕೆಂಪು ಮುದ್ರೆಗಳಿದ್ದವು. ಮೊದಲನೆಯದರ ತಾರೀಖು ಅವನು ಎಣಿಸಲು ಕೂತ ಮೊದಲ ದಿನದ್ದೇ. ನಿಶಿನಾ ಕನ್ನಡಕ ಹಾಕಿಕೊಂಡು ಓದಿದ.

"ಎಚ್ಚರಿಕೆ: ಬೂದು ಟೋಪಿ, ಮಾಸ್ಕ್ ಹಾಕಿದ ಅಪರಿಚಿತನೊಬ್ಬ ಮೂರು ಗಂಟೆಗೆ ಪಡುವಣ ಪಾರ್ಕಿನ ಜಾರುಬಂಡೆಯ ಎದುರು ಕೂತು, ಮಕ್ಕಳು ಬಂದಾಗಲೆಲ್ಲ ಕೈಯಲ್ಲಿ ಏನನ್ನೋ ಟಕ್ಕೆನಿಸುತ್ತಾನೆ, ದಯವಿಟ್ಟು ಯಾರೂ ಆ ಕಡೆ ಹೋಗಬೇಡಿ."