ಶಿವಕಾಂತನ ಹೂಳು ಹೋದದ್ದೆಲ್ಲಿಗೆ

ಮುಕ್ಕುಂದದ ಬಳಿ ನದಿಗಿಳಿದ ಸುಕನ್ಯಾ ಬೊಗಸೆಯಲ್ಲಿ ನೀರೆತ್ತಿ ನೋಡಿದಳು. ಕೆಸರಿಲ್ಲ, ಸತ್ತ ಮೀನಿಲ್ಲ. ಅವಳ ಮುಖ ಸಪ್ಪಗಾಯಿತು.

ದಡದಲ್ಲಿ ಗುತ್ತಿಗೆದಾರ ಶಿವಕಾಂತ ಚಹಾ ಹಿಡಿದು ನಿಂತಿದ್ದ. ಅವನ ಬಿಳಿ ಅಂಗಿಯ ಮೇಲಾಗಲಿ, ಟ್ರ್ಯಾಕ್ಟರಿನ ಮೇಲಾಗಲಿ ಕೆಸರಿನ ಒಂದು ಚುಕ್ಕೆಯೂ ಇರಲಿಲ್ಲ. ಕಳ್ಳ ಎಷ್ಟು ಚೊಕ್ಕಟ ಎಂದುಕೊಂಡಳು.

ಕರಾವಳಿಯಲ್ಲಿ ಬಂದರಿನ ಹೂಳನ್ನು ಮೀನು ಮರಿ ಮಾಡುವ ನೀರಿಗೇ ಸುರಿಯುತ್ತಿದ್ದ ಹಡಗನ್ನು ಹಿಡಿದು ಹೆಸರಾದವಳು ಸುಕನ್ಯಾ. ಮಸ್ಕಿ ಕಡೆಯ ಉಪಕಾಲುವೆಯಿಂದ ತೆಗೆಸಿದೆನೆಂದು ಶಿವಕಾಂತ ಲೆಕ್ಕ ಕೊಟ್ಟ ಹೂಳು ಎಲ್ಲಿಗೆ ಹೋಯಿತೆಂದು ಪತ್ತೆಹಚ್ಚಲು ಈಗ ಅವಳನ್ನೇ ಕಳಿಸಿದ್ದರು. ಸಂಜೆಯೊಳಗೆ ಸಿಕ್ಕರೆ ಶಿವಕಾಂತನ ಬಿಲ್ಲು ನಿಲ್ಲುತ್ತದೆ. ಸಿಗದಿದ್ದರೆ, ವಿಲೇವಾರಿ ಸರಿಯಾಗಿದೆ ಎಂದು ಅವಳೇ ಸಹಿ ಹಾಕಬೇಕು.

"ನಮ್ಮ ಕಾಲುವಿ ಹೂಳು ಒಂದು ಪುಟ್ಟಿ ಹೊರಗ ಸಿಕ್ರ, ಮೀಸಿ ಬೋಳಿಸ್ತೀನ್ರಿ ಮೇಡಂ," ಎಂದ ಶಿವಕಾಂತ.

ಅಜ್ಜಿ ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಣಿಯಲ್ಲಿ ಬಚ್ಚಿಡುತ್ತಾನೆ. ಇವನೂ ಹಾಗೇ ದೂರದಲ್ಲೆಲ್ಲೋ ಬಚ್ಚಿಟ್ಟಿರಬೇಕು. ಜವಳಗೇರಾದ ಗದ್ದೆ, ಮಸ್ಕಿಯ ಹಳ್ಳ, ಲಿಂಗಸುಗೂರು ರಸ್ತೆಯ ಕಲ್ಲುಗಣಿ ಎಲ್ಲ ಜಾಲಾಡಿದಳು. ಇಟ್ಟಿಗೆ ಭಟ್ಟಿಯ ಲಾಲ್‌ಸಾಬನನ್ನೂ ಗದರಿಸಿದಳು. ಮಣ್ಣು ತನ್ನ ಹೊಲದ್ದೇ ಎಂದು ಆ ಮುದುಕ ಹಸಿ ಇಟ್ಟಿಗೆ ಮುಟ್ಟಿ ಆಣೆ ಮಾಡಿದ.

ಹೊತ್ತು ಇಳಿಯುವಾಗ ಉಳಿದದ್ದು ಒಂದೇ ಜಾಗ, ಮೊಳಕಾಲೆತ್ತರ ಬೆಳೆದ ಸಜ್ಜೆಯ ಹೊಲ. ರಸ್ತೆಯಷ್ಟೇ ಅಗಲ, ಕಣ್ಣು ಹರಿಯುವಷ್ಟು ಉದ್ದ. ಎರಡೂ ಬದಿಗೆ ಒಡ್ಡು. ನಡುವೆ ಒಂದು ಪುಟ್ಟ ಸೇತುವೆ, ಅದರ ನೆರಳಲ್ಲಿ ಮೆಲುಕು ಹಾಕುತ್ತ ಮಲಗಿದ ಆಡು. ಹೊಲಕ್ಕೂ ಸೇತುವೆ ಕಟ್ಟುವ ಜನ ಎಷ್ಟು ರಸಿಕರು ಎಂದು ಸುಕನ್ಯಾ ಮೆಚ್ಚಿದಳು. ಸುರಿದ ಹೂಳಿನ ಗುಡ್ಡೆ ಇಲ್ಲೂ ಕಾಣಲಿಲ್ಲ.

ನೆಲದಿಂದ ಗೇಣುದ್ದ ತಲೆ ಎತ್ತಿದ್ದ, ಅಂಕಿ ಕೊರೆದ ಒಂದು ಕಲ್ಲಿನ ಮೇಲೆ ಕುಳಿತು ಸಹಿ ಹಾಕಿದಳು. ಶಿವಕಾಂತ ಕಾಗದ ಮಡಚಿ ಜೇಬಿಗಿಳಿಸಿ, ಕೈಮುಗಿದು, ಹೊರಟೇ ಹೋದ.

ಕಳೆ ಕೀಳುತ್ತಿದ್ದ ಗದ್ದೆಮ್ಮ ತನ್ನ ಪಾಡು ಹೇಳಿಕೊಂಡಳು. ಕೆಳಗಿರುವ ಅವಳ ಸ್ವಂತ ಹೊಲಕ್ಕೆ ಕಾಲುವೆಯ ನೀರು ಬಂದು ಎಷ್ಟೋ ವರ್ಷವಾಗಿತ್ತು. ಅದು ಬೀಳು ಬಿದ್ದಿತ್ತು. ಹೊಟ್ಟೆಗಾಗಿ ಇಲ್ಲಿ ಬಿತ್ತಿದ್ದಳು.

ಹೂಳೆಲ್ಲ ಹೋಯಿತು, ಈ ಸಲ ನೀರು ಬಂದೇ ಬರುತ್ತದೆ ಎಂದು ಸುಕನ್ಯಾ ಸಮಾಧಾನ ಹೇಳಿದಳು. ಗದ್ದೆಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು.

ವರದಿಗೆ ಒಂದು ಫೋಟೊ ಇದ್ದರೆ ಚೆನ್ನ. ಸುಕನ್ಯಾ ಎದ್ದು ಮೊಬೈಲ್ ತೆಗೆದು, ಆ ಕಾಲುವೆ ಎಲ್ಲಿದೆ ಎಂದು ಕೇಳಿದಳು.

"ಅದರಾಗ ನಿಂತೀಯಲ್ಲವ್ವಾ," ಎಂದಳು ಗದ್ದೆಮ್ಮ. "ಸಜ್ಜಿ ತುಳೀಬ್ಯಾಡ."