ಗುಂಡಿಗೆ ನೆಟ್ಟ ಕೊಂಬೆ

“ಪೈಪಿಗೆ ತೆಗೆದ ಗುಂಡಿ ಜನಕ್ಕೆ ಕಾಣ್ಲಿ ಅಂತ ನಾನೇ ಕೊಂಬೆ ನೆಟ್ಟಿದ್ದೆ ಸ್ವಾಮಿ,” ಎಂದ ಪಂಚಾಯ್ತಿಯ ನೀರುಗಂಟಿ ಕೆಂಚೇಶ್, ಚನ್ನಗಿರಿ ಕೋರ್ಟಿನ ಕಟಕಟೆಯಲ್ಲಿ ಎದೆ ಸೆಟೆಸಿ. ಎಚ್ಚರಿಕೆ ಇದ್ದೂ ಬಿದ್ದರೆ ತಪ್ಪು ಬಿದ್ದವಳದೇ ಎಂದು ಪಂಚಾಯ್ತಿ ವಕೀಲರು ಅವನಿಗೆ ಧೈರ್ಯ ಹೇಳಿದ್ದರು. ಆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡ ದ್ಯಾಮಮ್ಮ ಊರುಗೋಲು ಹಿಡಿದು ಎದುರಿಗೇ ಕೂತಿದ್ದಳು.

ಅವಳ ವಕೀಲೆ ಯಶೋಧರಾ, ದ್ಯಾಮಮ್ಮ ಬಿದ್ದ ದಿನ ತೆಗೆದ ಫೋಟೊವನ್ನು ಕೆಂಚೇಶನ ಕೈಗೆ ಕೊಟ್ಟರು. “ನೀವು ನೆಟ್ಟಿದ್ದು ಇದೇ ಏನ್ರಿ?”

“ಇದೇ ಮೇಡಂ, ನುಗ್ಗೆ ಕೊಂಬೆ.”

“ನೆಟ್ಟಾಗ ಹೆಂಗಿತ್ತು?”

“ಬೋಳು ಕೋಲು ಮೇಡಂ. ಎಲೆ ಎಲ್ಲಾ ಸವರಿ, ತುದೀಗೆ ಕೆಂಪು ಬಟ್ಟೆ ಕಟ್ಟಿ…”

ಕೆಂಚೇಶ್ ಫೋಟೊವನ್ನು ಕಣ್ಣ ಹತ್ತಿರ ಹಿಡಿದ. ಫೋಟೊದಲ್ಲಿ ಆ ಕೋಲು ಗಿಡವಾಗಿ, ಹೂ ಬಿಟ್ಟು, ಕೆಂಪು ಬಟ್ಟೆಯನ್ನು ಸೊಪ್ಪಿನೊಳಗೆ ಮುಚ್ಚಿಕೊಂಡಿತ್ತು. ಬುಡದಲ್ಲಿ ಗುಂಡಿ ಮಾತ್ರ ಹಾಗೇ ಬಾಯಿ ತೆರೆದುಕೊಂಡಿತ್ತು.